ಜಿಮ್ಯಾಟ್ ಅಭ್ಯಾಸ: ಒಂದು ಪ್ರಶ್ನೆಯಿಂದ ಪೂರ್ತಿ ಲಾಭ ಪಡೆಯುವುದು ಹೇಗೆ?

ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಗೆ ತಯಾರಾಗುವ ಇಬ್ಬರು ಸಿಕ್ಕರೆ ಮಾತು ಬೇಗ ಲೆಕ್ಕಕ್ಕೆ ಬರುತ್ತದೆ. "ಎಷ್ಟು ಪ್ರಶ್ನೆ ಮುಗಿಸಿದೆ?" "ಸಾವಿರ ದಾಟಿತು." ಹೀಗೆ ಸಾವಿರ ದಾಟಿದವರಲ್ಲಿ ಬಹಳಷ್ಟು ಜನರ ಮಾಕ್ ಟೆಸ್ಟ್ ಅಂಕ ತಿಂಗಳುಗಟ್ಟಲೆ ಒಂದೇ ಕಡೆ ನಿಂತಿರುತ್ತದೆ. ಅವರು ಕಷ್ಟಪಡುತ್ತಿಲ್ಲ ಅಂತಲ್ಲ. ಪ್ರಶ್ನೆ ಬಿಡಿಸುತ್ತಾರೆ, ಉತ್ತರ ನೋಡುತ್ತಾರೆ, ಸರಿಯಿದ್ದರೆ ಖುಷಿ, ತಪ್ಪಿದ್ದರೆ "ಅಯ್ಯೋ, ಇಷ್ಟೇನಾ" ಅಂದುಕೊಂಡು ಮುಂದಿನದಕ್ಕೆ ಹೋಗುತ್ತಾರೆ. ಕಲಿಯಬೇಕಾದ್ದೆಲ್ಲ ಆ "ಇಷ್ಟೇನಾ" ಅನ್ನುವ ಜಾಗದಲ್ಲೇ ಇತ್ತು. ಅಲ್ಲಿ ಅವರು ಅರ್ಧ ನಿಮಿಷವೂ ನಿಲ್ಲಲಿಲ್ಲ.

ಈ ಲೇಖನ ಆ ಜಾಗದಲ್ಲಿ ನಿಲ್ಲುವುದರ ಬಗ್ಗೆ. ಉದಾಹರಣೆಗೆ ಕೆಲವು ಪ್ರಶ್ನೆಗಳನ್ನು ನಾನೇ ಕಟ್ಟಿ ಕೊಟ್ಟಿದ್ದೇನೆ. ನಿಜವಾದ ಪರೀಕ್ಷೆ ಪೂರ್ತಿ ಇಂಗ್ಲಿಷಿನಲ್ಲಿ ಇರುತ್ತದೆ, ಆದರೆ ತರ್ಕಕ್ಕೆ ಭಾಷೆಯ ಹಂಗಿಲ್ಲ. ಪೆನ್ನು, ಹಾಳೆ ಹತ್ತಿರ ಇಟ್ಟುಕೊಂಡು ಓದಿ. ಉತ್ತರಕ್ಕೆ ಹೋಗುವ ಮುಂಚೆ ನೀವೇ ಒಮ್ಮೆ ಪ್ರಯತ್ನಿಸಿ.

ಮೊದಲು ಪರೀಕ್ಷೆಯ ಅಳತೆ ತಿಳಿದಿರಲಿ

2023ರ ನವೆಂಬರ್‌ನಲ್ಲಿ ಜಿಮ್ಯಾಟ್ ಹೊಸ ರೂಪಕ್ಕೆ ಬಂತು. ಹಳೆಯ ರೂಪ 2024ರ ಜನವರಿ ಕೊನೆಗೆ ನಿಂತುಹೋಯಿತು. ಈಗ ಇರುವುದು ಮೂರು ಭಾಗ: ಕ್ವಾಂಟ್ (ಲೆಕ್ಕ) 21 ಪ್ರಶ್ನೆ, ವರ್ಬಲ್ (ಇಂಗ್ಲಿಷ್ ಓದು ಮತ್ತು ವಾದ) 23, ಡೇಟಾ ಇನ್‌ಸೈಟ್ಸ್ (ಮಾಹಿತಿಯ ವಿಶ್ಲೇಷಣೆ) 20. ಪ್ರತಿ ಭಾಗಕ್ಕೂ 45 ನಿಮಿಷ. ಒಟ್ಟು 64 ಪ್ರಶ್ನೆ, ಎರಡೂಕಾಲು ಗಂಟೆ. ನಡುವೆ ಬೇಕಿದ್ದರೆ 10 ನಿಮಿಷದ ಒಂದು ಬಿಡುವು. ಯಾವ ಭಾಗ ಮೊದಲು ಅನ್ನುವುದು ನಿಮ್ಮ ಇಷ್ಟ.

ಒಟ್ಟು ಅಂಕ 205ರಿಂದ 805ರವರೆಗೆ. ಎಲ್ಲ ಅಂಕಗಳೂ 5ರಲ್ಲೇ ಮುಗಿಯುತ್ತವೆ. ಮನೆಯಲ್ಲಿ ಯಾರಾದರೂ ಹಳೆಯ ನೆನಪಿನಲ್ಲಿ "700 ಬಂತಾ?" ಅಂತ ಕೇಳಿದರೆ ಗಾಬರಿ ಬೇಡ. ಹಳೆಯ 700ಕ್ಕೆ ಈಗಿನ ಸುಮಾರು 645 ಸಮ.

ಹಳೆಯ ಪುಸ್ತಕಗಳ ಬಗ್ಗೆ ಒಂದು ಮಾತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ, ಕೆಲಸ ಬಿಟ್ಟು ಎಂಬಿಎಗೆ ಹೋದ ಸಹೋದ್ಯೋಗಿಯಿಂದಲೋ ನಿಮಗೆ ಹಳೆಯ ಜಿಮ್ಯಾಟ್ ಪುಸ್ತಕ ಸಿಕ್ಕಿರಬಹುದು. ಎಸೆಯಬೇಡಿ. ಆದರೆ ಅದರಲ್ಲಿರುವ ಸೆಂಟೆನ್ಸ್ ಕರೆಕ್ಷನ್ (ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಗಳು) ಮತ್ತು ರೇಖಾಗಣಿತವನ್ನು ಪೂರ್ತಿ ಬಿಡಿ, ಎರಡೂ ಈಗಿನ ಪರೀಕ್ಷೆಯಲ್ಲಿಲ್ಲ. ಪ್ರಬಂಧ ಬರೆಯುವ ಭಾಗವೂ ಹೋಗಿದೆ. ಕೊಟ್ಟ ಮಾಹಿತಿ ಸಾಕೇ ಅಂತ ಕೇಳುವ ಡೇಟಾ ಸಫಿಷಿಯೆನ್ಸಿ ಕ್ವಾಂಟ್‌ನಿಂದ ಎದ್ದು ಡೇಟಾ ಇನ್‌ಸೈಟ್ಸ್‌ಗೆ ಬಂದು ಕೂತಿದೆ. ಉಳಿದ ಕ್ವಾಂಟ್, ಕ್ರಿಟಿಕಲ್ ರೀಸನಿಂಗ್ (ವಾದ ಪರೀಕ್ಷಿಸುವ), ರೀಡಿಂಗ್ ಕಾಂಪ್ರಹೆನ್ಷನ್ (ಪಠ್ಯ ಓದಿ ಉತ್ತರಿಸುವ) ಪ್ರಶ್ನೆಗಳು ಇವತ್ತಿಗೂ ಚಿನ್ನ. ವರ್ಬಲ್‌ಗಂತೂ ಪರೀಕ್ಷೆ ನಡೆಸುವ ಜಿಮ್ಯಾಕ್ ಸಂಸ್ಥೆಯೇ ಬರೆದ ಪ್ರಶ್ನೆಗಳನ್ನು ಬಿಟ್ಟು ಬೇರೆಯವನ್ನು ಆದಷ್ಟು ಕಡಿಮೆ ಮಾಡಿ. ಲೆಕ್ಕದ ಪ್ರಶ್ನೆಯನ್ನು ಯಾರು ಬೇಕಾದರೂ ಬರೆಯಬಹುದು. ವಾದದ ಪ್ರಶ್ನೆಯಲ್ಲಿ ನಾಲ್ಕು ಆಪ್ಷನ್ ಖಚಿತವಾಗಿ ತಪ್ಪು, ಒಂದೇ ಸರಿ ಆಗುವಂತೆ ಬರೆಯುವುದು ಬಹಳ ಕಷ್ಟದ ಕೆಲಸ. ಕೋಚಿಂಗ್ ಸೆಂಟರ್‌ಗಳ ಪ್ರಶ್ನೆಗಳಲ್ಲಿ ಆ ನೇಯ್ಗೆ ಸಡಿಲ ಇರುತ್ತದೆ. ತಪ್ಪು ತರ್ಕ ಅಭ್ಯಾಸವಾಗಿಬಿಡುತ್ತದೆ.

ಹಂತ 1: ಟೈಮರ್ ಇಲ್ಲದೆ ಶುರು ಮಾಡಿ

ಕ್ವಾಂಟ್‌ನಲ್ಲಿ ಪ್ರಶ್ನೆಗೆ ಸರಾಸರಿ 2 ನಿಮಿಷ 9 ಸೆಕೆಂಡ್. ವರ್ಬಲ್‌ನಲ್ಲಿ 2 ನಿಮಿಷಕ್ಕೂ ಒಂದು ಚೂರು ಕಡಿಮೆ. ಡೇಟಾ ಇನ್‌ಸೈಟ್ಸ್‌ನಲ್ಲಿ ಎರಡೂಕಾಲು ನಿಮಿಷ. ಇದನ್ನು ಕೇಳಿದ ತಕ್ಷಣ ಎಲ್ಲರೂ ಮೊದಲ ದಿನದಿಂದಲೇ ಗಡಿಯಾರ ಇಟ್ಟುಕೊಂಡು ಕೂರುತ್ತಾರೆ. ಬೇಡ. ಹೊಸ ವಿಷಯದ ಮೊದಲ ಹದಿನೈದು ಇಪ್ಪತ್ತು ಪ್ರಶ್ನೆಗಳಿಗೆ ಸಮಯದ ಮಿತಿಯೇ ಇರಬಾರದು. ಒಂದು ಪ್ರಶ್ನೆಗೆ ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ದಾರಿ ಗೊತ್ತಿಲ್ಲದವರಿಗೆ ಗಡಿಯಾರ ಇಟ್ಟರೆ ಅವರು ಬೇಗ ಹೋಗುವುದನ್ನು ಕಲಿಯುವುದಿಲ್ಲ, ಬೇಗ ಊಹಿಸುವುದನ್ನು ಕಲಿಯುತ್ತಾರೆ.

ಹಾಳೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಪರೀಕ್ಷಾ ಕೇಂದ್ರದಲ್ಲಿ ಕೊಡುವುದು ಲ್ಯಾಮಿನೇಟ್ ಮಾಡಿದ ಹಾಳೆಗಳ ಪುಟ್ಟ ಪುಸ್ತಕ ಮತ್ತು ಮಾರ್ಕರ್ ಪೆನ್. ಕ್ವಾಂಟ್‌ನಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಡೇಟಾ ಇನ್‌ಸೈಟ್ಸ್‌ನಲ್ಲಿ ಮಾತ್ರ ಪರದೆಯ ಮೇಲೆ ಇರುತ್ತದೆ. ಹಾಗಾಗಿ ಮನೆಯಲ್ಲೂ ಕ್ವಾಂಟ್ ಮಾಡುವಾಗ ಫೋನನ್ನು ಇನ್ನೊಂದು ರೂಮಿನಲ್ಲಿಡಿ.

ಹಂತ 2: ಕ್ವಾಂಟ್‌ನಲ್ಲಿ ಎರಡನೇ ದಾರಿ ಹುಡುಕಿ

ಈ ಪ್ರಶ್ನೆ ನೋಡಿ.

ಒಂದು ಕಂಪನಿಯಲ್ಲಿ ಗಂಡಸರು ಮತ್ತು ಹೆಂಗಸರ ಅನುಪಾತ 5:3. ಹೊಸದಾಗಿ 12 ಹೆಂಗಸರು ಸೇರಿದ ಮೇಲೆ ಅನುಪಾತ 10:9 ಆಯಿತು. ಈಗ ಕಂಪನಿಯಲ್ಲಿ ಒಟ್ಟು ಎಷ್ಟು ಜನ?
ಎ) 57
ಬಿ) 64
ಸಿ) 76
ಡಿ) 84
ಇ) 95

ಶಾಲೆಯಲ್ಲಿ ಕಲಿತ ದಾರಿ ಎಲ್ಲರಿಗೂ ಗೊತ್ತು. ಗಂಡಸರ ಸಂಖ್ಯೆ ಬದಲಾಗಿಲ್ಲ. ಮೊದಲಿನ ಅನುಪಾತವನ್ನು 10:6 ಅಂತ ಬರೆದುಕೊಂಡರೆ ಹೆಂಗಸರು 6 ಪಾಲಿನಿಂದ 9 ಪಾಲಿಗೆ ಏರಿದ್ದಾರೆ. ಆ 3 ಪಾಲು ಅಂದರೆ 12 ಜನ, ಒಂದು ಪಾಲು ಅಂದರೆ 4 ಜನ. ಈಗ ಒಟ್ಟು 19 ಪಾಲು, 76 ಜನ. ಉತ್ತರ ಸಿ.

ಸರಿ ಬಂತು. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ, ಆಪ್ಷನ್‌ಗಳನ್ನು ಮತ್ತೆ ನೋಡಿ. ಈಗಿನ ಅನುಪಾತ 10:9 ಅಂದಮೇಲೆ ಒಟ್ಟು ಜನ 19ರ ಮಗ್ಗಿಯಲ್ಲೇ ಇರಬೇಕು. 64 ಮತ್ತು 84 ಅಲ್ಲಿಗೇ ಹೋದವು. ಉಳಿದದ್ದು 57, 76, 95. ಮೊದಲು ಅನುಪಾತ 5:3 ಇತ್ತು, ಅಂದರೆ 12 ಕಳೆದರೆ 8ರ ಮಗ್ಗಿಯಲ್ಲಿ ಬರಬೇಕು. 45 ಬರುವುದಿಲ್ಲ, 83 ಬರುವುದಿಲ್ಲ, 64 ಬರುತ್ತದೆ. ಸಮೀಕರಣವೇ ಬೇಕಾಗಲಿಲ್ಲ.

ಇನ್ನೊಂದು ಸಲ ನೋಡಿ. 64 ಯಾಕೆ ಆಪ್ಷನ್ ಆಗಿ ಕೂತಿದೆ? ಅದು ಮೊದಲಿದ್ದ ಜನರ ಸಂಖ್ಯೆ. "ಈಗ" ಅನ್ನುವ ಪದವನ್ನು ಬಿಟ್ಟು ಓದಿದವರಿಗಾಗಿ ಇಟ್ಟ ಬಲೆ. ಪ್ರಶ್ನೆ ಬರೆಯುವವರು ತಪ್ಪು ಆಪ್ಷನ್‌ಗಳನ್ನು ಸುಮ್ನೆ ತುಂಬಿಸುವುದಿಲ್ಲ. ಯಾವ ತಪ್ಪು ಮಾಡಿದರೆ ಯಾವ ಸಂಖ್ಯೆ ಬರುತ್ತದೆ ಅಂತ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಪ್ರತಿ ಪ್ರಶ್ನೆ ಮುಗಿದ ಮೇಲೆ ಕನಿಷ್ಠ ಒಂದು ತಪ್ಪು ಆಪ್ಷನ್ ಎಲ್ಲಿಂದ ಬಂತು ಅಂತ ಪತ್ತೆ ಮಾಡಿ. ಒಂದೆರಡು ವಾರದಲ್ಲಿ ಬಲೆಗಳು ದೂರದಿಂದಲೇ ಕಾಣತೊಡಗುತ್ತವೆ.

ಶೇಕಡಾ ಲೆಕ್ಕಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಡಿಕೆ ದರ ಒಂದು ವರ್ಷ 20% ಏರಿತು, ಮರುವರ್ಷ 25% ಇಳಿಯಿತು. ಮೊದಲಿನ ದರಕ್ಕೆ ಮರಳಬೇಕಾದರೆ ಈಗ ಎಷ್ಟು ಶೇಕಡಾ ಏರಬೇಕು? 25ರಲ್ಲಿ 20 ಕಳೆದು 5 ಅನ್ನುವವರಿಗೆ 5% ಅನ್ನುವ ಆಪ್ಷನ್ ಇರುತ್ತದೆ. 100 ಇಟ್ಟುಕೊಂಡು ನೋಡೋಣ: 100, 120, ಆಮೇಲೆ 90. ಹತ್ತು ಕಡಿಮೆ ಬಿತ್ತು ಅಂತ 10% ಗುರುತಿಸುವವರಿಗೆ ಅದೂ ಇರುತ್ತದೆ. ಆದರೆ ಈಗ ಏರಬೇಕಾದ್ದು 90ರ ಮೇಲೆ. 90ಕ್ಕೆ 10 ಅಂದರೆ ಒಂಬತ್ತರಲ್ಲಿ ಒಂದು ಪಾಲು, 11%ಕ್ಕಿಂತ ಸ್ವಲ್ಪ ಜಾಸ್ತಿ. ಶೇಕಡಾ ಅಂತ ಕಂಡಾಗಲೆಲ್ಲ "ಯಾವುದರ ಶೇಕಡಾ?" ಅಂತ ಒಂದು ಸಲ ಕೇಳಿಕೊಂಡರೆ ಈ ಜಾತಿಯ ಅರ್ಧ ತಪ್ಪುಗಳು ನಿಲ್ಲುತ್ತವೆ.

ಹಂತ 3: ಡೇಟಾ ಸಫಿಷಿಯೆನ್ಸಿಯಲ್ಲಿ ಉತ್ತರ ಹುಡುಕಬೇಡಿ

ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಮಜಾ ಕೊಡುವ ಪ್ರಶ್ನೆ ಬೇರೆ ಇಲ್ಲ. ಎಂಜಿನಿಯರಿಂಗ್ ಓದಿದವರು ಹೆಚ್ಚು ಎಡವುವುದೂ ಇಲ್ಲೇ. ಲೆಕ್ಕ ಕಂಡರೆ ಬಿಡಿಸದೆ ಇರಲು ಅವರಿಗೆ ಆಗುವುದಿಲ್ಲ, ಪಾಪ.

ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಕೇಳುವುದು ಉತ್ತರವನ್ನಲ್ಲ. ಉತ್ತರ ಹೇಳಲು ಈ ಮಾಹಿತಿ ಸಾಕೇ ಅಂತ. ಐದು ಆಪ್ಷನ್ ಯಾವಾಗಲೂ ಒಂದೇ. ಎ ಅಂದರೆ ಮೊದಲನೆಯ ಹೇಳಿಕೆ ಒಂದೇ ಸಾಕು, ಎರಡನೆಯದು ಒಂದೇ ಸಾಲದು. ಬಿ ಅಂದರೆ ಅದರ ತಿರುಗುಮುರುಗು. ಸಿ ಅಂದರೆ ಒಂಟಿಯಾಗಿ ಯಾವುದೂ ಸಾಲದು, ಎರಡೂ ಸೇರಿದರೆ ಸಾಕು. ಡಿ ಅಂದರೆ ಯಾವ ಒಂದನ್ನು ಕೊಟ್ಟರೂ ಸಾಕು. ಇ ಅಂದರೆ ಎರಡೂ ಸೇರಿದರೂ ಸಾಲದು. ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಮತ್ತೆ ಓದುತ್ತಾ ಕೂರಬೇಡಿ.

ಶುರುವಿಗೆ ಒಂದು ಸುಲಭದ್ದು. ಒಂದು ಪೂರ್ಣಾಂಕ 24ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ?
(1) ಅದು 4ರಿಂದ ಭಾಗವಾಗುತ್ತದೆ.
(2) ಅದು 6ರಿಂದ ಭಾಗವಾಗುತ್ತದೆ.

ನಾಲ್ಕಾರ್ಲಿ ಇಪ್ಪತ್ನಾಲ್ಕು, ಹಾಗಾಗಿ ಸಿ ಅಂದುಕೊಂಡಿರಾ? 12 ಇಟ್ಟು ನೋಡಿ. 4ರಿಂದಲೂ ಹೋಗುತ್ತದೆ, 6ರಿಂದಲೂ ಹೋಗುತ್ತದೆ, 24ರಿಂದ ಹೋಗುವುದಿಲ್ಲ. ಈಗ 24 ಇಟ್ಟು ನೋಡಿ, ಎಲ್ಲದರಿಂದಲೂ ಹೋಗುತ್ತದೆ. ಒಮ್ಮೆ ಹೌದು, ಒಮ್ಮೆ ಇಲ್ಲ. ಎರಡೂ ಸೇರಿದರೂ ಸಾಲದು, ಉತ್ತರ ಇ. ಇಲ್ಲಿ ಕಲಿಯಬೇಕಾದ ಚಾಳಿ ಒಂದೇ. ಎರಡು ಸಂಖ್ಯೆ ಹುಡುಕಬೇಕು, ಒಂದು "ಹೌದು" ಕೊಡುವಂಥದ್ದು, ಇನ್ನೊಂದು "ಇಲ್ಲ" ಕೊಡುವಂಥದ್ದು. ಎರಡೂ ಸಿಕ್ಕರೆ ಮಾಹಿತಿ ಸಾಲದು.

ಈಗ ಅದೇ ಪ್ರಶ್ನೆಯಲ್ಲಿ 24ರ ಬದಲು 12 ಅಂತ ಹಾಕಿ. ಉತ್ತರ ಸಿ ಆಗುತ್ತದೆ, ಯಾಕೆಂದರೆ 4 ಮತ್ತು 6ರ ಲ.ಸಾ.ಅ. 12. ಪ್ರಶ್ನೆಯ ಒಂದು ಅಂಕಿ ಬದಲಿಸಿ ಉತ್ತರ ಹೇಗೆ ಬದಲಾಗುತ್ತದೆ ಅಂತ ನೋಡುವುದು ಅಭ್ಯಾಸದಲ್ಲೇ ಅತ್ಯಂತ ಲಾಭದ ಕೆಲಸ. ಒಂದು ಪ್ರಶ್ನೆಯ ಖರ್ಚಿನಲ್ಲಿ ಮೂರು ಪ್ರಶ್ನೆ ಸಿಗುತ್ತವೆ.

ಇನ್ನೊಂದು, ಸ್ವಲ್ಪ ಕಿಲಾಡಿ ಪ್ರಶ್ನೆ. ಹೋಟೆಲಿನಲ್ಲಿ ಒಂದು ಪ್ಲೇಟ್ ಇಡ್ಲಿಗೆ 35 ರೂಪಾಯಿ, ಒಂದು ಕಾಫಿಗೆ 22 ರೂಪಾಯಿ. ಗೆಳೆಯರ ಒಂದು ಗುಂಪು ಇಡ್ಲಿ, ಕಾಫಿ ಮಾತ್ರ ತೆಗೆದುಕೊಂಡಿತು. ಎಷ್ಟು ಕಾಫಿ ತೆಗೆದುಕೊಂಡರು?
(1) ಒಟ್ಟು ಬಿಲ್ 193 ರೂಪಾಯಿ.
(2) ಇಡ್ಲಿ ಪ್ಲೇಟಿಗಿಂತ ಕಾಫಿ ಒಂದು ಜಾಸ್ತಿ.

ಗೊತ್ತಿಲ್ಲದವು ಎರಡು, ಸಮೀಕರಣಗಳು ಎರಡು, ಹಾಗಾಗಿ ಸಿ. ತುಂಬಾ ಜನ ಹೀಗೆ ಹತ್ತು ಸೆಕೆಂಡಿನಲ್ಲಿ ಸಿ ಒತ್ತಿ, ಸಮಯ ಉಳಿಸಿದೆ ಅಂತ ಬೀಗುತ್ತಾರೆ. ಆದರೆ ಅರ್ಧ ಪ್ಲೇಟ್ ಇಡ್ಲಿ, ಮುಕ್ಕಾಲು ಕಾಫಿ ಅಂತ ಇಲ್ಲಿಲ್ಲ. ಎರಡೂ ಪೂರ್ಣ ಸಂಖ್ಯೆಗಳಾಗಲೇಬೇಕು. 193ರಿಂದ ಒಂದೊಂದಾಗಿ 35 ಕಳೆಯುತ್ತಾ ಹೋಗಿ: 193, 158, 123, 88, 53, 18. ಇದರಲ್ಲಿ 22ರ ಮಗ್ಗಿಯಲ್ಲಿ ಬರುವುದು 88 ಒಂದೇ. ಅಂದರೆ 3 ಪ್ಲೇಟ್ ಇಡ್ಲಿ, 4 ಕಾಫಿ, ಬೇರೆ ದಾರಿಯೇ ಇಲ್ಲ. ಮೊದಲನೆಯ ಹೇಳಿಕೆ ಒಂದೇ ಸಾಕು. ಎರಡನೆಯದು ಒಂಟಿಯಾಗಿ ಏನೂ ಹೇಳುವುದಿಲ್ಲ. ಉತ್ತರ ಎ.

ಎಣಿಸಬಹುದಾದ ವಸ್ತು ಬಂದಾಗಲೆಲ್ಲ, ಅಂದರೆ ಜನ, ಟಿಕೆಟ್, ಪುಸ್ತಕ, ಕಾಫಿ, ಒಂದೇ ಸಮೀಕರಣ ಸಾಕಾಗಬಹುದು ಅಂತ ಅನುಮಾನಿಸಿ. ಸಿ ತುಂಬಾ ಸುಲಭವಾಗಿ ಸಿಕ್ಕಿತು ಅನ್ನಿಸಿದರೆ ಅಲ್ಲಿ ಇನ್ನೊಂದು ಸಲ ನೋಡಿ.

ಅಭ್ಯಾಸದಲ್ಲಿ ಇನ್ನೆರಡು ವಿಷಯ ರೂಢಿಯಾಗಬೇಕು. ಎರಡನೆಯ ಹೇಳಿಕೆಗೆ ಬಂದಾಗ ಮೊದಲನೆಯದನ್ನು ಕೈಯಿಂದ ಮುಚ್ಚಿ. ನಿಜವಾಗಲೂ ಕೈಯಿಂದ ಮುಚ್ಚಿ, ತಮಾಷೆಯಲ್ಲ. ತಲೆ ಸುಲಭವಾಗಿ ಎರಡನ್ನೂ ಕಲಸಿಬಿಡುತ್ತದೆ. ಎರಡನೆಯದು, "ಹೌದೋ ಅಲ್ಲವೋ" ಬಗೆಯ ಪ್ರಶ್ನೆಯಲ್ಲಿ ಖಚಿತವಾದ "ಅಲ್ಲ" ಕೂಡ ಉತ್ತರವೇ. ಮಾಹಿತಿ ಸಾಕು ಅಂತಲೇ ಅರ್ಥ. "ಅಲ್ಲ" ಬಂತು ಅಂತ "ಸಾಲದು" ಗುರುತಿಸಿ ಬರುವವರು ಬೇಕಾದಷ್ಟು ಜನ ಇದ್ದಾರೆ.

ಹಂತ 4: ಡೇಟಾ ಇನ್‌ಸೈಟ್ಸ್‌ನ ಉಳಿದ ಪ್ರಶ್ನೆಗಳು

ಗ್ರಾಫ್, ಟೇಬಲ್, ಎರಡು ಮೂರು ಟ್ಯಾಬ್‌ಗಳಲ್ಲಿ ಹರಡಿದ ಮಾಹಿತಿ, ಎರಡು ಭಾಗದ ಪ್ರಶ್ನೆ. ಇಲ್ಲಿ ಒಂದು ಕಠಿಣ ನಿಯಮ ಇದೆ. ಒಂದು ಪ್ರಶ್ನೆಯಲ್ಲಿ ಎರಡು ಮೂರು ಉತ್ತರ ಕೊಡಬೇಕಿದ್ದರೆ ಎಲ್ಲವೂ ಸರಿ ಇದ್ದರೆ ಮಾತ್ರ ಅಂಕ. ಅರ್ಧ ಸರಿಗೆ ಅರ್ಧ ಅಂಕ ಇಲ್ಲ.

ಗ್ರಾಫ್ ಕಂಡರೆ ಪ್ರಶ್ನೆಗೆ ಹಾರುವ ಮೊದಲು ಇಪ್ಪತ್ತು ಸೆಕೆಂಡ್ ಗ್ರಾಫನ್ನೇ ಓದಿ. ಅಕ್ಷ ಸೊನ್ನೆಯಿಂದ ಶುರುವಾಗುತ್ತದೆಯೇ? ಎಡಕ್ಕೊಂದು, ಬಲಕ್ಕೊಂದು ಅಳತೆ ಇದೆಯೇ? ಸಾವಿರದಲ್ಲೋ, ಲಕ್ಷದಲ್ಲೋ, ಶೇಕಡಾದಲ್ಲೋ? 40%ರಿಂದ 50%ಕ್ಕೆ ಏರಿದರೆ ಏರಿಕೆ 10 ಅಂಶ, ಆದರೆ ಶೇಕಡಾವಾರು ನೋಡಿದರೆ 25%. ಇದನ್ನು ಎಷ್ಟು ಸಲ ಕೇಳಿದರೂ ಪರೀಕ್ಷೆಯವರಿಗೆ ಬೇಸರ ಬರುವುದಿಲ್ಲ.

ಎರಡು ಭಾಗದ ಪ್ರಶ್ನೆಗೆ ಒಂದು ಚಿಕ್ಕ ಉದಾಹರಣೆ. ಕಾಫಿ ಪುಡಿ ಅಂಗಡಿಯವರು ಕಿಲೋಗೆ 600 ರೂಪಾಯಿಯ ಅರೇಬಿಕಾ ಮತ್ತು 400 ರೂಪಾಯಿಯ ರೊಬಸ್ಟಾ ಬೆರೆಸಿ 10 ಕಿಲೋ ಮಿಶ್ರಣ ಮಾಡಿದರು. ಮಿಶ್ರಣದ ಬೆಲೆ ಕಿಲೋಗೆ 480 ಬಿತ್ತು. ಒಂದು ಕಾಲಮಿನಲ್ಲಿ ಅರೇಬಿಕಾ ಎಷ್ಟು ಕಿಲೋ, ಇನ್ನೊಂದರಲ್ಲಿ ರೊಬಸ್ಟಾ ಎಷ್ಟು ಕಿಲೋ ಗುರುತಿಸಬೇಕು. ಆಪ್ಷನ್‌ಗಳು 2, 4, 5, 6, 8. ಸಮ ಸಮ ಬೆರೆಸಿದ್ದರೆ 500 ಆಗುತ್ತಿತ್ತು. 480 ಅದಕ್ಕಿಂತ ಕಡಿಮೆ, ಹಾಗಾಗಿ ರೊಬಸ್ಟಾ ಜಾಸ್ತಿ ಇರಬೇಕು. 2 ಮತ್ತು 8 ಆದರೆ 440ಕ್ಕೆ ಇಳಿಯುತ್ತದೆ. ಅರೇಬಿಕಾ 4, ರೊಬಸ್ಟಾ 6. ಲೆಕ್ಕ ಬಂದವರೂ ಇಲ್ಲಿ ಅಂಕ ಕಳೆದುಕೊಳ್ಳುವುದು ಕಾಲಮ್ ಅದಲು ಬದಲು ಮಾಡಿ. ಗುರುತಿಸುವ ಮುಂಚೆ ಕಾಲಮಿನ ತಲೆಬರಹವನ್ನು ಇನ್ನೊಮ್ಮೆ ಓದಿ.

ಕ್ಯಾಲ್ಕುಲೇಟರ್ ಇದೆ ಅಂತ ಎಲ್ಲದಕ್ಕೂ ಅದನ್ನೇ ಒತ್ತಬೇಡಿ. ಮೌಸಿನಲ್ಲಿ ಒಂದೊಂದೇ ಅಂಕಿ ಒತ್ತುವಷ್ಟರಲ್ಲಿ ಅಂದಾಜು ಲೆಕ್ಕ ಮುಗಿದಿರುತ್ತದೆ.

ಹಂತ 5: ಕ್ರಿಟಿಕಲ್ ರೀಸನಿಂಗ್‌ನಲ್ಲಿ ಆಪ್ಷನ್ ಮುಚ್ಚಿಟ್ಟು ಯೋಚಿಸಿ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವರ್ಬಲ್ ಅಂದರೆ ಹೆದರುತ್ತಾರೆ. ಸೆಂಟೆನ್ಸ್ ಕರೆಕ್ಷನ್ ಹೋದ ಮೇಲೆ ಆ ಹೆದರಿಕೆಗೆ ಕಾರಣ ಅರ್ಧಕ್ಕಿಂತ ಕಡಿಮೆಯಾಗಿದೆ. ಈಗ ಕೇಳುವುದು ವಾದ ಎಲ್ಲಿ ಸಡಿಲ ಇದೆ ಅಂತ. ಇಂಗ್ಲಿಷ್ ವಾದವನ್ನು ಓದಿ, ಮನಸ್ಸಿನಲ್ಲಿ ಕನ್ನಡದಲ್ಲಿ ಎರಡು ವಾಕ್ಯದಲ್ಲಿ ಹೇಳಿಕೊಳ್ಳಿ. ಹೇಳಲು ಬಂದರೆ ಅರ್ಥವಾಗಿದೆ. ಬರದಿದ್ದರೆ ಆಪ್ಷನ್ ಓದಿ ಪ್ರಯೋಜನವಿಲ್ಲ, ವಾದವನ್ನೇ ಮತ್ತೆ ಓದಿ.

ಇದನ್ನು ನೋಡಿ. ಒಂದು ನಗರದಲ್ಲಿ ಹೊಸ ಮೆಟ್ರೊ ಮಾರ್ಗ ಶುರುವಾದ ಮೂರು ತಿಂಗಳಲ್ಲಿ, ಅದೇ ರಸ್ತೆಯ ಬಸ್ಸುಗಳ ಪ್ರಯಾಣಿಕರು 30% ಕಡಿಮೆಯಾದರು. ಹಾಗಾಗಿ ಬಸ್ ಪ್ರಯಾಣಿಕರನ್ನು ಮೆಟ್ರೊ ಸೆಳೆದುಕೊಂಡಿದೆ ಎಂದು ಅಧಿಕಾರಿಗಳು ತೀರ್ಮಾನಿಸಿದರು. ಈ ತೀರ್ಮಾನವನ್ನು ಹೆಚ್ಚು ದುರ್ಬಲಗೊಳಿಸುವುದು ಯಾವುದು?
ಎ) ಆ ಮಾರ್ಗದಲ್ಲಿ ಮೆಟ್ರೊ ದರ ಬಸ್ ದರಕ್ಕಿಂತ ಜಾಸ್ತಿ.
ಬಿ) ಅದೇ ಮೂರು ತಿಂಗಳಲ್ಲಿ ಆ ರಸ್ತೆಯ ಬಸ್ ಟ್ರಿಪ್‌ಗಳನ್ನು ಅರ್ಧಕ್ಕೆ ಇಳಿಸಲಾಗಿತ್ತು.
ಸಿ) ಮೆಟ್ರೊ ಪ್ರಯಾಣಿಕರಲ್ಲಿ ಕೆಲವರು ಮೊದಲು ಸ್ವಂತ ಬೈಕಿನಲ್ಲಿ ಓಡಾಡುತ್ತಿದ್ದರು.
ಡಿ) ಬೇರೆ ನಗರಗಳಲ್ಲೂ ಮೆಟ್ರೊ ಬಂದಾಗ ಬಸ್ ಪ್ರಯಾಣಿಕರು ಕಡಿಮೆಯಾಗಿದ್ದರು.
ಇ) ಮೆಟ್ರೊ ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ಅದರ ಸ್ವಚ್ಛತೆ ಹಿಡಿಸಿದೆ.

ಆಪ್ಷನ್ ನೋಡುವ ಮುಂಚೆ ಯೋಚಿಸಬೇಕಾದ್ದು ಇಷ್ಟು. ಎರಡು ಸಂಗತಿ ಒಟ್ಟಿಗೆ ನಡೆದವು, ಒಂದರಿಂದ ಇನ್ನೊಂದು ಆಯಿತು ಅಂತ ಹೇಳುತ್ತಿದ್ದಾರೆ. ಬಸ್ಸಿಗೆ ಜನ ಕಡಿಮೆಯಾಗಲು ಬೇರೆ ಕಾರಣ ಏನಾದರೂ ಇತ್ತೇ? ಹೀಗೆ ಕೇಳಿಕೊಂಡು ಹೋದರೆ ಬಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಬಸ್ಸೇ ಇಲ್ಲದಿದ್ದರೆ ಹತ್ತುವವರು ಎಲ್ಲಿಂದ?

ಉತ್ತರ ಬಿ ಅಂತ ಗೊತ್ತಾದ ಮೇಲೆ ನಿಜವಾದ ಕೆಲಸ ಶುರು. ಉಳಿದ ನಾಲ್ಕು ಯಾಕೆ ತಪ್ಪು ಅಂತ ಒಂದೊಂದು ಸಾಲು ಬರೆಯಿರಿ. ಎ ಬಹಳ ಜನರನ್ನು ಎಳೆಯುತ್ತದೆ. ದರ ಜಾಸ್ತಿ ಇದ್ದರೆ ಯಾರು ಹೋಗುತ್ತಾರೆ ಅನ್ನಿಸುತ್ತದೆ ಅಲ್ವಾ? ಆದರೆ ಟ್ರಾಫಿಕ್‌ನಲ್ಲಿ ಕೊಳೆಯುವುದಕ್ಕಿಂತ ಹತ್ತು ರೂಪಾಯಿ ಜಾಸ್ತಿ ಕೊಡುವವರು ಇರುತ್ತಾರೆ, ಹಾಗಾಗಿ ಅದು ಏಟು ಕೊಡುವುದಿಲ್ಲ. ಸಿಯಲ್ಲಿ "ಕೆಲವರು" ಅಂತ ಇದೆ. ಕೆಲವರು ಬೈಕಿನಿಂದ ಬಂದರೆ ಉಳಿದವರು ಬಸ್ಸಿನಿಂದ ಬಂದಿರಬಹುದಲ್ಲ? ಅದೂ ವಾದವನ್ನು ಮುಟ್ಟುವುದಿಲ್ಲ. ಡಿ ವಾದಕ್ಕೆ ಬಲ ಕೊಡುತ್ತದೆ, ಅಂದರೆ ಕೇಳಿದ್ದಕ್ಕೆ ತದ್ವಿರುದ್ಧ. ಇ ಸಂಬಂಧವೇ ಇಲ್ಲದ್ದು.

ಹೀಗೆ ದಿನಕ್ಕೆ ನಾಲ್ಕು ಪ್ರಶ್ನೆ ಮಾಡಿದರೆ ಇಪ್ಪತ್ತು ಆಪ್ಷನ್‌ಗಳಿಗೆ ಕಾರಣ ಕೊಟ್ಟಂತಾಯಿತು. ಸುಮ್ನೆ ಇಪ್ಪತ್ತೈದು ಪ್ರಶ್ನೆ ಒತ್ತಿಕೊಂಡು ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ರೀಡಿಂಗ್ ಕಾಂಪ್ರಹೆನ್ಷನ್‌ಗೆ ಜಾಸ್ತಿ ಹೇಳುವುದಿಲ್ಲ. ಪ್ರತಿ ಪ್ಯಾರಾ ಮುಗಿದಾಗ ಲೇಖಕರು ಇಲ್ಲಿ ಏನು ಮಾಡಿದರು ಅಂತ ನಾಲ್ಕೈದು ಪದದಲ್ಲಿ ಗುರುತು ಹಾಕಿ: "ಹಳೆಯ ಅಭಿಪ್ರಾಯ", "ಅದಕ್ಕೆ ಆಕ್ಷೇಪ", "ಹೊಸ ಪುರಾವೆ". ವಿವರ ನೆನಪಿಡಬೇಡಿ, ಎಲ್ಲಿದೆ ಅಂತ ಮಾತ್ರ ನೆನಪಿಡಿ. ಉತ್ತರಕ್ಕೆ ಪಠ್ಯದಲ್ಲಿ ಬೆರಳಿಟ್ಟು ತೋರಿಸುವ ಸಾಲು ಸಿಗದಿದ್ದರೆ ಆ ಆಪ್ಷನ್ ಎಷ್ಟೇ ನ್ಯಾಯವಾಗಿ ಕಂಡರೂ ಬಿಡಿ.

ಹಂತ 6: ತಪ್ಪುಗಳ ಪುಸ್ತಕ

ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟ್ ಸಾಕು. ಬಣ್ಣ ಬಣ್ಣದ ಟೆಂಪ್ಲೇಟ್ ಹುಡುಕುತ್ತಾ ಭಾನುವಾರ ಕಳೆಯಬೇಡಿ. ಬರೆಯಬೇಕಾದ್ದು ಇಷ್ಟು: ಯಾವ ಪ್ರಶ್ನೆ, ಯಾಕೆ ತಪ್ಪಾಯಿತು, ಮುಂದಿನ ಸಲ ಏನು ಕಂಡರೆ ಎಚ್ಚರಾಗಬೇಕು.

"ಯಾಕೆ" ಅನ್ನುವ ಕಡೆ "ಕೇರ್‌ಲೆಸ್ ಮಿಸ್ಟೇಕ್" ಅಂತ ಬರೆಯುವುದಕ್ಕೆ ನಿಷೇಧ ಹಾಕಿಕೊಳ್ಳಿ. ಅದು ಕಾರಣವಲ್ಲ, ಕಾರಣ ಹುಡುಕದೆ ಇರಲು ಒಂದು ನೆಪ. ವಿಷಯವೇ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಇಲ್ಲಿ ಬಳಸಬೇಕು ಅಂತ ಹೊಳೆಯಲಿಲ್ಲವೇ? ಪ್ರಶ್ನೆಯನ್ನು ತಪ್ಪಾಗಿ ಓದಿದಿರಾ? ಕೂಡುವುದು ಕಳೆಯುವುದರಲ್ಲಿ ತಪ್ಪಿತೇ? ಎರಡು ಆಪ್ಷನ್ ನಡುವೆ ಸಿಕ್ಕಿ ತಪ್ಪಿದ್ದನ್ನು ಆರಿಸಿದಿರಾ? ಒಂದೊಂದಕ್ಕೂ ಮದ್ದು ಬೇರೆ. ವಿಷಯ ಗೊತ್ತಿಲ್ಲದವರು ಪಾಠಕ್ಕೆ ಮರಳಬೇಕು. ಹೊಳೆಯದಿದ್ದವರು ಅದೇ ಜಾತಿಯ ಐದು ಪ್ರಶ್ನೆಗಳನ್ನು ಒಟ್ಟಿಗೆ ಮಾಡಬೇಕು. ತಪ್ಪಾಗಿ ಓದುವವರು ಬಿಡಿಸುವ ಮುಂಚೆ ಕೇಳಿದ್ದೇನು ಅಂತ ಹಾಳೆಯ ಮೂಲೆಯಲ್ಲಿ ಬರೆಯಬೇಕು. ಎಲ್ಲರೂ ಸುಮ್ನೆ "ಇನ್ನಷ್ಟು ಪ್ರಾಕ್ಟೀಸ್" ಅಂತ ಹೊರಟರೆ ರೋಗ ಒಂದು, ಮಾತ್ರೆ ಒಂದು ಆಗುತ್ತದೆ.

ಮೂರನೆಯ ಸಾಲು ಎಲ್ಲಕ್ಕಿಂತ ಮುಖ್ಯ, ಅದು ಚಿಕ್ಕದಾಗಿರಬೇಕು. ಇಡ್ಲಿ ಕಾಫಿ ಪ್ರಶ್ನೆಗೆ ನಾನಾದರೆ ಹೀಗೆ ಬರೆಯುತ್ತೇನೆ: "ಎಣಿಸುವ ವಸ್ತು, ದರ ವಿಚಿತ್ರ ಸಂಖ್ಯೆ: ಒಂದೇ ಸಮೀಕರಣ ಸಾಕೇ ನೋಡು." ಮೆಟ್ರೊ ಪ್ರಶ್ನೆಗೆ: "ಒಟ್ಟಿಗೆ ನಡೆದದ್ದನ್ನು ಕಾರಣ ಅಂದರೆ, ಬೇರೆ ಕಾರಣ ಹುಡುಕು."

ಸರಿಯಾಗಿ ಬಂದರೂ ಊಹೆಯಿಂದ ಬಂದ ಪ್ರಶ್ನೆಗಳು, ಮೂರು ನಿಮಿಷಕ್ಕಿಂತ ಜಾಸ್ತಿ ಹಿಡಿದ ಪ್ರಶ್ನೆಗಳು ಕೂಡ ಈ ಪುಸ್ತಕಕ್ಕೆ ಬರಬೇಕು. ಹತ್ತು ಹದಿನೈದು ದಿನ ಬಿಟ್ಟು, ಬರೆದದ್ದನ್ನು ನೋಡದೆ ಅದೇ ಪ್ರಶ್ನೆ ಮತ್ತೆ ಮಾಡಿ. ಮತ್ತೆ ತಪ್ಪಿದರೆ ಆ ವಿಷಯ ಇನ್ನೂ ಕೈಗೆ ಬಂದಿಲ್ಲ ಅಂತ ಅರ್ಥ. ಕೆಲಸಕ್ಕೆ ಹೋಗುವವರಿಗೆ ವಾರದ ದಿನಗಳಲ್ಲಿ ಹತ್ತು ಹನ್ನೆರಡು ಪ್ರಶ್ನೆ ಸಾಕು. ಬಿಡಿಸಲು ಅರ್ಧ ಗಂಟೆ, ಹಿಂದಿರುಗಿ ನೋಡಲು ಒಂದು ಗಂಟೆ.

ಹಂತ 7: ಈಗ ಗಡಿಯಾರ ತನ್ನಿ

ದಾರಿಗಳು ಗೊತ್ತಾದ ಮೇಲೆ ಹತ್ತತ್ತು ಪ್ರಶ್ನೆಗಳ ಗುಂಪು ಮಾಡಿ ಸಮಯ ಇಟ್ಟುಕೊಳ್ಳಿ. ಪ್ರತಿ ಪ್ರಶ್ನೆಗೂ ಎರಡು ನಿಮಿಷದ ಗಂಟೆ ಬಾರಿಸಬೇಡಿ. ಸುಲಭದ್ದು ಒಂದು ನಿಮಿಷದಲ್ಲಿ ಮುಗಿಯುತ್ತದೆ, ಕಷ್ಟದ್ದಕ್ಕೆ ಮೂರು ಬೇಕಾಗುತ್ತದೆ, ಗುಂಪಿನ ಒಟ್ಟು ಸಮಯ ಸರಿಯಿದ್ದರೆ ಆಯಿತು. ಒಂದು ನಿಮಿಷ ಕಳೆದರೂ ಹೇಗೆ ಶುರು ಮಾಡಬೇಕು ಅಂತಲೇ ತೋಚದಿದ್ದರೆ, ತಪ್ಪು ಅಂತ ಖಚಿತವಾದ ಆಪ್ಷನ್‌ಗಳನ್ನು ತೆಗೆದು, ಉಳಿದದ್ದರಲ್ಲಿ ಒಂದನ್ನು ಒತ್ತಿ ಮುಂದೆ ಹೋಗಿ. ಬಿಡುವುದನ್ನೂ ಅಭ್ಯಾಸ ಮಾಡಬೇಕು. ಓದಿನಲ್ಲಿ ಯಾವಾಗಲೂ ಮುಂದಿದ್ದವರಿಗೆ ಇದು ಮಿಕ್ಕೆಲ್ಲಕ್ಕಿಂತ ಕಷ್ಟ.

ಕ್ಯಾಟ್ (ಐಐಎಂಗಳ ಪ್ರವೇಶ ಪರೀಕ್ಷೆ) ಬರೆದು ಅಭ್ಯಾಸ ಇರುವವರು ಇಲ್ಲಿ ರೂಢಿ ಬದಲಿಸಬೇಕು. ಕ್ಯಾಟ್‌ನಲ್ಲಿ ಆಪ್ಷನ್ ಇರುವ ಪ್ರಶ್ನೆ ತಪ್ಪಾದರೆ ಒಂದು ಅಂಕ ಹೋಗುತ್ತದೆ, ಹಾಗಾಗಿ ಬಿಟ್ಟು ಬರುವುದು ಜಾಣತನ. ಜಿಮ್ಯಾಟ್‌ನಲ್ಲಿ ಉತ್ತರ ಗುರುತಿಸದೆ ಮುಂದಿನ ಪ್ರಶ್ನೆಗೆ ಹೋಗಲು ಬಿಡುವುದೇ ಇಲ್ಲ, ಕೊನೆಗೆ ಪ್ರಶ್ನೆಗಳು ಉಳಿದುಹೋದರೆ ಅಂಕ ಕಡಿತವಾಗುತ್ತದೆ. ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆಯ ಕಷ್ಟ ಬದಲಾಗುತ್ತದೆ. ಆದರೆ ಪರೀಕ್ಷೆಯ ನಡುವೆ "ಇದು ಸುಲಭ ಇದೆ, ಹಿಂದಿನದು ತಪ್ಪಾಯಿತೇನೋ" ಅಂತ ಲೆಕ್ಕ ಹಾಕುವುದು ಶುದ್ಧ ಕಾಲಹರಣ.

ಅನುಮಾನ ಇರುವ ಪ್ರಶ್ನೆಯನ್ನು ಬುಕ್‌ಮಾರ್ಕ್ ಮಾಡಿ ಇಡಬಹುದು. ಭಾಗದ ಕೊನೆಯಲ್ಲಿ ಸಮಯ ಉಳಿದಿದ್ದರೆ ಹಿಂದಕ್ಕೆ ಹೋಗಿ ಮೂರು ಉತ್ತರಗಳವರೆಗೆ ಬದಲಿಸಬಹುದು. ಮೂರೇ ಮೂರು. ಹಾಗಾಗಿ ಹತ್ತು ಪ್ರಶ್ನೆ ಬುಕ್‌ಮಾರ್ಕ್ ಮಾಡಿ ಉಪಯೋಗವಿಲ್ಲ. ಇನ್ನೊಂದು ನಿಮಿಷ ಸಿಕ್ಕರೆ ಖಂಡಿತ ಬಿಡಿಸುತ್ತೇನೆ ಅನ್ನಿಸಿದ್ದನ್ನು ಮಾತ್ರ ಗುರುತು ಮಾಡಿ. ಏನೂ ತಿಳಿಯದ ಪ್ರಶ್ನೆ ಎರಡನೇ ಸಲ ನೋಡಿದರೂ ಹಾಗೇ ಇರುತ್ತದೆ.

ಹಂತ 8: ಮಾಕ್ ಟೆಸ್ಟ್

ಜಿಮ್ಯಾಕ್ ಎರಡು ಪೂರ್ತಿ ಮಾಕ್ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಎರಡನ್ನೂ ಮೊದಲ ವಾರದಲ್ಲೇ ಮುಗಿಸಬೇಡಿ. ಒಂದನ್ನು ಪಾಠಗಳು ಒಂದು ಸುತ್ತು ಮುಗಿದ ಮೇಲೆ ಬರೆಯಿರಿ, ಇನ್ನೊಂದನ್ನು ಪರೀಕ್ಷೆಗೆ ಎರಡು ಮೂರು ವಾರ ಇರುವಾಗ. ನಡುವೆ ಬೇಕಿದ್ದರೆ ದುಡ್ಡು ಕೊಟ್ಟು ಇನ್ನಷ್ಟು ಅಧಿಕೃತ ಮಾಕ್‌ಗಳನ್ನು ಕೊಳ್ಳಬಹುದು. ಬೇರೆ ಕಂಪನಿಗಳ ಮಾಕ್ ಕೂತು ಬರೆಯುವ ಅಭ್ಯಾಸಕ್ಕೆ ಒಳ್ಳೆಯದು. ಅವು ತೋರಿಸುವ ಅಂಕವನ್ನು ಮಾತ್ರ ತಲೆಗೆ ಹಚ್ಚಿಕೊಳ್ಳಬೇಡಿ.

ನಿಜವಾದ ಪರೀಕ್ಷೆ ಬೆಳಿಗ್ಗೆ ಇದ್ದರೆ ಮಾಕ್ ಕೂಡ ಬೆಳಿಗ್ಗೆಯೇ. ಕುಕ್ಕರ್ ಕೂಗಿದರೂ, ಕೊರಿಯರ್‌ನವರು ಬೆಲ್ ಮಾಡಿದರೂ ಏಳುವಂತಿಲ್ಲ, ಮನೆಯವರಿಗೆ ಮೊದಲೇ ಹೇಳಿಡಿ. ಭಾಗಗಳ ಕ್ರಮವನ್ನು ಮಾಕ್‌ನಲ್ಲೇ ಪ್ರಯೋಗಿಸಿ ನೋಡಿ, ಪರೀಕ್ಷೆಯ ದಿನ ಹೊಸ ಪ್ರಯೋಗ ಬೇಡ. ಡೇಟಾ ಇನ್‌ಸೈಟ್ಸ್ ತಲೆಯನ್ನು ಹೆಚ್ಚು ಹಿಂಡುತ್ತದೆ. ಅದನ್ನು ಕೊನೆಗೆ ಇಟ್ಟುಕೊಂಡರೆ ಸುಸ್ತಾಗುತ್ತದೆಯೇ ಅಂತ ನಿಮಗೇ ಗೊತ್ತಾಗಬೇಕು.

ಮಾಕ್ ಮುಗಿದ ದಿನ ಅಂಕ ನೋಡಿ ಮಲಗಿ. ಮರುದಿನ 64 ಪ್ರಶ್ನೆಗಳನ್ನೂ ಕೂತು ನೋಡಿ. ಮೊದಲು ಸಮಯದ ಕಾಲಮ್. ಯಾವ ಪ್ರಶ್ನೆಗೆ ನಾಲ್ಕು ನಿಮಿಷ ಸುರಿದಿರಿ, ಅದರ ದೆಸೆಯಿಂದ ಕೊನೆಯ ಯಾವ ಐದು ಪ್ರಶ್ನೆಗಳಿಗೆ ನಿಮಿಷವೂ ಸಿಗಲಿಲ್ಲ? ಬಹಳ ಸಲ ಕೊನೆಯಲ್ಲಿ ತಪ್ಪಾದ ಸುಲಭ ಪ್ರಶ್ನೆಗಳ ಮೂಲ ಮೊದಲ ಹತ್ತರಲ್ಲಿ ಇರುತ್ತದೆ. ಆಮೇಲೆ ತಪ್ಪಾದವನ್ನು ಉತ್ತರ ನೋಡದೆ ಇನ್ನೊಮ್ಮೆ ಬಿಡಿಸಿ. ಈ ಸಲ ಸರಿ ಬಂದವು ಒಂದು ಪಟ್ಟಿ, ಬರದವು ಇನ್ನೊಂದು. ಮೊದಲ ಪಟ್ಟಿ ಉದ್ದ ಇದ್ದರೆ ನಿಮ್ಮ ತೊಂದರೆ ಸಮಯದ್ದು, ಎರಡನೆಯದು ಉದ್ದ ಇದ್ದರೆ ವಿಷಯದ್ದು. ಮುಂದಿನ ಎರಡು ವಾರ ಏನು ಮಾಡಬೇಕು ಅಂತ ಆ ಪಟ್ಟಿ ನೋಡಿಯೇ ಗೊತ್ತು ಮಾಡಿ.

ಪರೀಕ್ಷೆಯ ತಾರೀಕು ಹಾಕುವಾಗ ಇನ್ನೊಂದು ಸಂಗತಿ ನೆನಪಿರಲಿ. ಒಮ್ಮೆ ಬರೆದ ಮೇಲೆ ಮತ್ತೆ ಬರೆಯಲು ಕನಿಷ್ಠ 16 ದಿನ ಕಾಯಬೇಕು, 12 ತಿಂಗಳಲ್ಲಿ ಹೆಚ್ಚೆಂದರೆ 5 ಸಲ ಬರೆಯಬಹುದು. ಬಂದ ಅಂಕ 5 ವರ್ಷ ನಡೆಯುತ್ತದೆ. ಬೆಂಗಳೂರು ಐಐಎಂನ ಒಂದು ವರ್ಷದ ಕೋರ್ಸ್‌ಗೋ, ಹೈದರಾಬಾದಿನ ಐಎಸ್‌ಬಿಗೋ, ಹೊರದೇಶಕ್ಕೋ ಅರ್ಜಿ ಹಾಕುವವರು ಕಾಲೇಜಿನ ಕೊನೆಯ ದಿನಾಂಕಕ್ಕಿಂತ ಎರಡು ತಿಂಗಳಾದರೂ ಮುಂಚೆ ಮೊದಲ ಪರೀಕ್ಷೆ ಇಟ್ಟುಕೊಳ್ಳಿ. ಮೊದಲ ಸಲ ಅಂಕ ಕಡಿಮೆ ಬಂದರೆ, ತಪ್ಪುಗಳ ಪುಸ್ತಕ ತೆಗೆದು ಇನ್ನೊಂದು ಸುತ್ತು ಹೋಗಲು ಆಗ ಸಮಯ ಇರುತ್ತದೆ.